ಅಪ್ಪನ ಕೋಣೆಗೆ ಗಾಳಿ ಸೋಸುವ ಪೆಟ್ಟಿಗೆ: 96 ದಿನಗಳ ಕೆಲಸದ ಟಿಪ್ಪಣಿ

ರಾತ್ರಿ ಕೆಮ್ಮಿಗೆ ಏಳುವ ಅಪ್ಪ ಮಲಗುವ ಕೋಣೆಗೆಂದು ಕಟ್ಟಿದ ಫಿಲ್ಟರ್ ಪೆಟ್ಟಿಗೆ ಈಗ ರಾತ್ರಿಯಿಡೀ ಓಡುತ್ತಿದೆ. ಇಲ್ಲಿಗೆ ಬರುವ ಮೊದಲು ಅದನ್ನು ಒಮ್ಮೆ ಪೂರ್ತಿ ಬಿಚ್ಚಿ ಮತ್ತೆ ಕೊಯ್ದೆ, ಒಮ್ಮೆ ಕೋಣೆಯಿಂದಲೇ ಹೊರಗೆ ಹಾಕಿದೆ. ಕೆಲಸ ಮಾಡುತ್ತ ಮಾಡುತ್ತ ಬರೆದಿಟ್ಟುಕೊಂಡ ಟಿಪ್ಪಣಿಗಳನ್ನೇ ಇಲ್ಲಿ ಜೋಡಿಸಿದ್ದೇನೆ. ಇಂಥದ್ದೊಂದನ್ನು ಮಾಡಹೊರಟವರಿಗೆ ನನ್ನ ತಪ್ಪುಗಳು ನನ್ನ ಅಳತೆಗಳಿಗಿಂತ ಹೆಚ್ಚು ಉಪಯೋಗಕ್ಕೆ ಬಂದಾವು.

ದಿನ 1: ಮೂಲೆಯಲ್ಲಿದ್ದ ಹಳೆಯ ಯಂತ್ರ

ಮನೆಯಲ್ಲಿ ಸಿದ್ಧ ಗಾಳಿ ಶುದ್ಧಿ ಯಂತ್ರವೊಂದು ಎರಡು ವರ್ಷಗಳಿಂದ ಇದೆ. ಪೂರ್ತಿ ವೇಗದಲ್ಲಿ ಇಟ್ಟರೆ ಅಪ್ಪನಿಗೆ ನಿದ್ದೆ ಬರುವುದಿಲ್ಲ. ಕಡಿಮೆ ವೇಗಕ್ಕೆ ಇಳಿಸಿದರೆ ಅದರ ಬಾಯಿಗೆ ಕೈ ಹಿಡಿದರೂ ಗಾಳಿ ತಾಕಿದ್ದು ಗೊತ್ತಾಗುವುದಿಲ್ಲ. ಇಂಥ ಯಂತ್ರಗಳ ಡಬ್ಬಿಯ ಮೇಲೆ ಮುದ್ರಿಸಿರುವ 'ಗಂಟೆಗೆ ಇಷ್ಟು ಶುದ್ಧ ಗಾಳಿ' ಎಂಬ ಸಂಖ್ಯೆ ಅತಿ ಹೆಚ್ಚಿನ ವೇಗದಲ್ಲಿ ಅಳೆದದ್ದು. ರಾತ್ರಿ ಎರಡು ಗಂಟೆಗೆ ಆ ವೇಗದಲ್ಲಿ ಯಾರೂ ಅದನ್ನು ಓಡಿಸುವುದಿಲ್ಲ.

"ಶಬ್ದ ಬಂದರೆ ನಾನೇ ಎದ್ದು ಆರಿಸಿಬಿಡುತ್ತೇನೆ, ನೋಡಪ್ಪ" ಎಂದು ಅಪ್ಪ ಮೊದಲ ದಿನವೇ ಹೇಳಿದ್ದರು. ಮುಂದಿನ ಕೆಲಸಕ್ಕೆಲ್ಲ ಆ ಒಂದು ಮಾತೇ ಅಳತೆಗೋಲು. ಆರಿಸಿಟ್ಟ ಯಂತ್ರ ಎಷ್ಟು ಒಳ್ಳೆಯದಾದರೂ ಒಂದು ಕಣವನ್ನೂ ಹಿಡಿಯುವುದಿಲ್ಲ.

ಹಳೆಯ ಯಂತ್ರದ ವಿಷಯದಲ್ಲಿ ನನ್ನದೂ ಒಂದು ತಪ್ಪಿದೆ. ಹೋದ ವರ್ಷ ಅದರ ಹೆಪಾ (ಅತಿ ಸಣ್ಣ ಕಣಗಳನ್ನೂ ಹಿಡಿಯುವ) ಫಿಲ್ಟರನ್ನು ಸೋಪಿನ ನೀರಿನಲ್ಲಿ ಅದ್ದಿ ತೊಳೆದು ಒಣಗಿಸಿ ಹಾಕಿದ್ದೆ. ಇಂದು ಬಿಚ್ಚಿ ನೋಡಿದರೆ ಮಡಿಕೆಗಳು ಒಂದಕ್ಕೊಂದು ಅಂಟಿಕೊಂಡು ಹಲಗೆಯಂತಾಗಿವೆ. ಬಹಳಷ್ಟು ಫಿಲ್ಟರ್‌ಗಳ ಎಳೆಗಳಲ್ಲಿ ಸ್ಥಿರ ವಿದ್ಯುತ್ತಿನ ಆವೇಶ ತುಂಬಿರುತ್ತಾರೆ. ಸಣ್ಣ ಕಣಗಳನ್ನು ಸೆಳೆದು ಹಿಡಿಯುವುದು ಅದೇ. ಸೋಪು, ಸ್ಪಿರಿಟ್ ತಾಗಿದರೆ ಆ ಆವೇಶ ಹೋಗುತ್ತದೆ, ನೋಡಲು ಮಾತ್ರ ಫಿಲ್ಟರ್ ಶುಭ್ರವಾಗಿ ಕಾಣುತ್ತದೆ. 'ತೊಳೆಯಬಹುದು' ಎಂದು ಅದರ ಮೇಲೆಯೇ ಬರೆದಿಲ್ಲದಿದ್ದರೆ ತೊಳೆಯಬೇಡಿ.

ದಿನ 2: ಮೊದಲು ಅಳತೆ

ಕೋಣೆ 3.6 ಮೀಟರ್ ಉದ್ದ, 3.3 ಮೀಟರ್ ಅಗಲ, 3 ಮೀಟರ್ ಎತ್ತರ. ಒಳಗಿರುವ ಗಾಳಿ ಸುಮಾರು 35.6 ಘನ ಮೀಟರ್.

ಅಳೆಯಲು ಲೇಸರ್ ಬೆಳಕಿನಲ್ಲಿ ಕಣ ಎಣಿಸುವ ಚಿಕ್ಕ ಸೆನ್ಸರ್ ಇದೆ. ಅದು ತೋರಿಸುವ ಪಿಎಂ 2.5 ಎಂದರೆ 2.5 ಮೈಕ್ರೋಮೀಟರ್ ಮತ್ತು ಅದಕ್ಕಿಂತ ಸಣ್ಣ ಕಣಗಳು ಒಂದು ಘನ ಮೀಟರ್ ಗಾಳಿಯಲ್ಲಿ ಎಷ್ಟು ಮೈಕ್ರೋಗ್ರಾಂ ಇವೆ ಎಂಬ ಲೆಕ್ಕ. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಪರಿಷ್ಕರಿಸಿದ ಮಾರ್ಗಸೂಚಿಯಲ್ಲಿ 24 ಗಂಟೆಗಳ ಸರಾಸರಿಗೆ 15, ವರ್ಷದ ಸರಾಸರಿಗೆ 5 ಎಂದಿದೆ. ಅಪ್ಪನ ಕೋಣೆಯಲ್ಲಿ ಆ ರಾತ್ರಿಯ ಸರಾಸರಿ 58.

ಯಾವ ಬದಲಾವಣೆಯಿಂದ ಎಷ್ಟು ಲಾಭ ಎಂದು ತಿಳಿಯಲು ಒಂದು ಪರೀಕ್ಷೆಯನ್ನು ಗೊತ್ತುಮಾಡಿಕೊಂಡೆ. ಅಪ್ಪನನ್ನು ಬೇರೆ ಕೋಣೆಗೆ ಕಳಿಸಿ, ಬಾಗಿಲು ಕಿಟಕಿ ಮುಚ್ಚಿ, ಊದುಬತ್ತಿ ಹಚ್ಚಿ ಅಂಕಿ 200 ದಾಟುವವರೆಗೆ ಬಿಡುವುದು. ಊದುಬತ್ತಿಯನ್ನು ಹೊರಗೆ ಒಯ್ದು, ಸೀಲಿಂಗ್ ಫ್ಯಾನನ್ನು ಒಂದು ನಿಮಿಷ ತಿರುಗಿಸಿ ಹೊಗೆಯನ್ನು ಸಮನಾಗಿ ಬೆರೆಸುವುದು. ಆಮೇಲೆ 200 ಇದ್ದದ್ದು 100ಕ್ಕೆ ಇಳಿಯಲು ಹಿಡಿಯುವ ನಿಮಿಷಗಳನ್ನು ಬರೆದುಕೊಳ್ಳುವುದು. 41.6ನ್ನು ಆ ನಿಮಿಷಗಳಿಂದ ಭಾಗಿಸಿದರೆ ಗಂಟೆಗೆ ಎಷ್ಟು ಸಲ ಕೋಣೆಯ ಗಾಳಿ ಶುದ್ಧವಾದಂತೆ ಎಂಬುದು ಸಿಗುತ್ತದೆ.

ಯಾವ ಯಂತ್ರವೂ ಇಲ್ಲದೆ: 58 ನಿಮಿಷ. ಅಂದರೆ ಗಂಟೆಗೆ 0.72 ಸಲ. ಸಂದುಗಳಲ್ಲಿ ಸೋರಿ ಹೋಗುವುದೂ ನೆಲಕ್ಕೆ ಕೂರುವುದೂ ಸೇರಿ ಇಷ್ಟು. ಮುಂದಿನ ಪ್ರತಿ ಫಲಿತಾಂಶದಿಂದಲೂ ಇದನ್ನು ಕಳೆದಿದ್ದೇನೆ.

ದಿನ 4: ಟೇಬಲ್ ಫ್ಯಾನಿಗೆ ಫಿಲ್ಟರ್ ಕಟ್ಟಿದ್ದು

ಎಲ್ಲಕ್ಕಿಂತ ಸುಲಭವಾದದ್ದನ್ನು ಮೊದಲು ಮಾಡಿದೆ. ಟೇಬಲ್ ಫ್ಯಾನಿನ ಹಿಂಬದಿಗೆ ಒಂದು ಫಿಲ್ಟರನ್ನು ಹಗ್ಗದಿಂದ ಬಿಗಿದೆ. ಹೊಗೆ ಅರ್ಧಕ್ಕಿಳಿಯಲು 41 ನಿಮಿಷ ಬೇಕಾಯಿತು. ಗಂಟೆಯ ಸಲಗಳಿಂದ 0.72 ಕಳೆದು, ಉಳಿದದ್ದನ್ನು ಕೋಣೆಯ 35.6 ಘನ ಮೀಟರಿನಿಂದ ಗುಣಿಸಿದರೆ ಗಂಟೆಗೆ ಬರೀ 11 ಘನ ಮೀಟರ್ ಶುದ್ಧ ಗಾಳಿ.

ಕಾರಣ ಕೈಗೇ ಸಿಕ್ಕಿತು. ರೆಕ್ಕೆಗಳ ತುದಿಯ ಸುತ್ತ ಅಂಗೈ ಆಡಿಸಿದರೆ ಗಾಳಿ ಮುಂದಿನಿಂದ ಹಿಂದಕ್ಕೆ ಮರಳಿ ಬರುತ್ತಿತ್ತು. ಫಿಲ್ಟರಿನ ತಡೆಯನ್ನು ಭೇದಿಸಿ ಎಳೆಯುವ ಬಲ ಈ ಫ್ಯಾನಿಗಿಲ್ಲ, ಸುತ್ತಲೂ ತೆರೆದ ದಾರಿ ಇದ್ದೇ ಇದೆ. ಬಿಚ್ಚಿಟ್ಟೆ.

ದಿನ 7: ಏನು ಕಟ್ಟುವುದು ಎಂಬ ತೀರ್ಮಾನ

2020ರಲ್ಲಿ ಅಮೆರಿಕದ ಪರಿಸರ ಎಂಜಿನಿಯರ್ ರಿಚರ್ಡ್ ಕೋರ್ಸಿ ಮತ್ತು ಫಿಲ್ಟರ್ ತಯಾರಕ ಜಿಮ್ ರೋಸೆಂತಾಲ್ ಸೇರಿ ರೂಪಿಸಿದ ಪೆಟ್ಟಿಗೆ ಹಲವರಿಗೆ ಗೊತ್ತಿರುತ್ತದೆ: ನಾಲ್ಕು ಬದಿಗೆ ನಾಲ್ಕು ಫಿಲ್ಟರ್, ಮೇಲೆ ಚೌಕಾಕಾರದ ದೊಡ್ಡ ಫ್ಯಾನ್, ಕೆಳಗೆ ರಟ್ಟು, ಎಲ್ಲವನ್ನೂ ಹಿಡಿದಿಡಲು ಅಂಟುಪಟ್ಟಿ. ಫಿಲ್ಟರಿನ ವಿಸ್ತಾರ ಹೆಚ್ಚಿದಷ್ಟೂ ಗಾಳಿಗೆ ತಡೆ ಕಡಿಮೆ ಎಂಬುದೇ ಅದರ ಹುರುಳು. ಆದರೆ ಆ ದೊಡ್ಡ ಫ್ಯಾನಿನ ಸದ್ದು ಅಪ್ಪನ ಷರತ್ತಿಗೆ ಒಗ್ಗುವುದಿಲ್ಲ. ಅದೇ ವಿಚಾರವನ್ನು ಕಂಪ್ಯೂಟರಿನ ಒಳಗೆ ಹಾಕುವ ಚಿಕ್ಕ ಫ್ಯಾನ್‌ಗಳೊಂದಿಗೆ ಮಾಡುವವರಿದ್ದಾರೆ. ನಾನು ಆ ದಾರಿ ಹಿಡಿದೆ: ಎದುರುಬದುರು ಎರಡು ಫಿಲ್ಟರ್, ಅವುಗಳ ನಡುವೆ ನಾಲ್ಕು ಹಲಗೆಗಳ ಚೌಕಟ್ಟು, ಹಲಗೆಗಳಲ್ಲಿ ಗಾಳಿ ಹೊರಹಾಕುವ ಫ್ಯಾನ್‌ಗಳು.

ತರಿಸಿದ್ದು ಇವು: 20 ಇಂಚು ಚೌಕದ, 2 ಇಂಚು ದಪ್ಪದ ಎರಡು ಮರ್ವ್ 13 ಫಿಲ್ಟರ್ (ಮರ್ವ್ ಎಂದರೆ ಫಿಲ್ಟರ್ ಕಣಗಳನ್ನು ಎಷ್ಟು ಚೆನ್ನಾಗಿ ಹಿಡಿಯುತ್ತದೆ ಎಂಬುದರ ಶ್ರೇಣಿ), 120 ಮಿ.ಮೀ. ಅಳತೆಯ, 12 ವೋಲ್ಟಿನ ಆರು ಫ್ಯಾನ್, 12 ಮಿ.ಮೀ. ಪ್ಲೈವುಡ್, ವೋಲ್ಟ್ ಬದಲಿಸಬಹುದಾದ 2 ಆಂಪಿಯರ್ ಅಡಾಪ್ಟರ್, 1 ಆಂಪಿಯರ್ ಫ್ಯೂಸ್, ಆರು ತಂತಿಜಾಲರಿ, ಸ್ಪಂಜಿನ ಪಟ್ಟಿ. ಖರ್ಚಿನ ದೊಡ್ಡ ಪಾಲು ಫಿಲ್ಟರ್‌ಗಳದ್ದೇ, ಅದು ಮತ್ತೆ ಮತ್ತೆ ಬರುವ ಖರ್ಚು ಕೂಡ. ಫ್ಯಾನ್ ಆಯ್ಕೆ ಮಾಡುವಾಗ ಗಾಳಿಯ ಪ್ರಮಾಣವನ್ನಷ್ಟೇ ನೋಡದೆ, ತಡೆಯನ್ನು ಭೇದಿಸಿ ಎಳೆಯುವ ಬಲ ಎಷ್ಟೆಂದು ಹೇಳುವ ಒತ್ತಡದ ಅಂಕಿಯನ್ನೂ ನೋಡಿದೆ. ನನ್ನವು 2.2 ಮಿ.ಮೀ. ನೀರಿನ ಒತ್ತಡ ಕೊಡುವಂಥವು.

ಮರ್ವ್ 13 ಅನ್ನು ಹೆಪಾ ಜೊತೆ ಹೋಲಿಸಿ ಕೀಳೆನ್ನುವವರಿದ್ದಾರೆ. ಹೆಪಾ 0.3 ಮೈಕ್ರೋಮೀಟರ್ ಕಣಗಳಲ್ಲಿ 99.97 ಶೇಕಡಾ ಹಿಡಿಯುತ್ತದೆ. ಮರ್ವ್ 13ರ ಮಟ್ಟ 0.3ರಿಂದ 1 ಮೈಕ್ರೋಮೀಟರ್‌ವರೆಗಿನ ಕಣಗಳಿಗೆ ಕನಿಷ್ಠ 50 ಶೇಕಡಾ, 1ರಿಂದ 3ರವರೆಗೆ 85 ಶೇಕಡಾ. ಆದರೆ ಅದರ ತಡೆ ಕಡಿಮೆ, ಚಿಕ್ಕ ಫ್ಯಾನ್ ಕೂಡ ಅದರ ಮೂಲಕ ಸಾಕಷ್ಟು ಗಾಳಿ ಎಳೆಯಬಲ್ಲದು. ಕೋಣೆಯ ಗಾಳಿ ಒಂದೇ ಸಲ ಹಾದು ಹೊರಗೆ ಹೋಗುವುದಿಲ್ಲ, ಸುತ್ತಿ ಸುತ್ತಿ ಮತ್ತೆ ಬರುತ್ತದೆ. ಹಾಗಾಗಿ ಈ ಕೆಲಸಕ್ಕೆ ಇದೇ ಸರಿ ಎಂಬುದು ನನ್ನ ನಿಲುವು.

ಅಯಾನ್, ಓಝೋನ್ ಎಂದು ಬರೆದ ಯಾವ ಭಾಗವನ್ನೂ ಸೇರಿಸಲಿಲ್ಲ. ಓಝೋನ್ ಶ್ವಾಸಕೋಶವನ್ನು ಕೆರಳಿಸುವ ಅನಿಲ. ಕೆಮ್ಮುವವರ ಕೋಣೆಯಲ್ಲಿ ಅದಕ್ಕೆ ಜಾಗವಿಲ್ಲ.

ದಿನ 12: ಕೊಯ್ತ, ಮತ್ತು ದೊಡ್ಡ ತಪ್ಪು

ಫಿಲ್ಟರ್ ಬರುವ ಮೊದಲೇ ಹಲಗೆ ಕೊಯ್ದುಬಿಟ್ಟೆ. 20 ಇಂಚು ಎಂದರೆ 508 ಮಿ.ಮೀ., ಅದಕ್ಕೆ ಸರಿಯಾಗಿ ನಾಲ್ಕು ಹಲಗೆ, ಅಗಲ 150 ಮಿ.ಮೀ. ಎರಡು ಹಲಗೆಗಳಲ್ಲಿ ಮೂರು ಮೂರು ದುಂಡು ರಂಧ್ರ, ತಲಾ 116 ಮಿ.ಮೀ. ಸ್ಕ್ರೂ ತೂತುಗಳ ನಡುವಣ ಅಂತರ 105 ಮಿ.ಮೀ. ಜಿಗ್ ಸಾ ಬ್ಲೇಡಿನಿಂದ ದುಂಡಗೆ ಕೊಯ್ದು ಉಪ್ಪುಕಾಗದದಿಂದ ಉಜ್ಜಿದೆ. ಆರು ರಂಧ್ರಕ್ಕೆ ಮೂರು ಗಂಟೆ ಹಿಡಿಯಿತು.

ಸಂಜೆ ಫಿಲ್ಟರ್ ಬಂತು. ಟೇಪು ಹಿಡಿದರೆ 495 ಮಿ.ಮೀ. ದಪ್ಪ 44. ಡಬ್ಬಿಯ ಮೇಲಿನ 20 ಇಂಚು ಹೆಸರಿನ ಅಳತೆ, ನಿಜದ ಅಳತೆ ಅದಕ್ಕಿಂತ ಅರ್ಧ ಇಂಚು ಕಡಿಮೆ. ಈ ಫಿಲ್ಟರ್‌ಗಳಲ್ಲಿ ಇದೇ ವಾಡಿಕೆಯಂತೆ, ನಿಜದ ಅಳತೆಯನ್ನು ಅಂಚಿನಲ್ಲಿ ಸಣ್ಣ ಅಕ್ಷರದಲ್ಲಿ ಮುದ್ರಿಸಿಯೂ ಇದ್ದರು. ಫಿಲ್ಟರಿನ ರಟ್ಟಿನ ಚೌಕಟ್ಟು ಕೂರಬೇಕಾದ 12 ಮಿ.ಮೀ. ಹಲಗೆಯಂಚಿನಲ್ಲಿ ಈಗ ಅದಕ್ಕೆ ಸಿಗುವುದು ಸುತ್ತಲೂ 5.5 ಮಿ.ಮೀ. ಮಾತ್ರ.

ಆಗಲೇ ಮತ್ತೆ ಕೊಯ್ಯಬೇಕಿತ್ತು. ರಂಧ್ರ ಕೊರೆದ ಹಲಗೆಯನ್ನು ಮುಟ್ಟಲು ಮನಸ್ಸು ಬರಲಿಲ್ಲ. ಸ್ಪಂಜು ಒತ್ತಿದರೆ ಸಾಕು ಎಂದು ಮುಂದುವರಿದೆ.

ದಿನ 16: ಮೊದಲ ಓಟ

ಆರೂ ಫ್ಯಾನ್‌ಗಳನ್ನು ಸಮಾಂತರವಾಗಿ ಜೋಡಿಸಿ ಬೆಸುಗೆ ಹಾಕಿ, ಫ್ಯೂಸ್ ಸೇರಿಸಿ, ಹೊರಬದಿಗೆ ಜಾಲರಿ ಹಾಕಿದೆ. ಫಿಲ್ಟರಿನ ಮೇಲಿನ ಬಾಣ ಪೆಟ್ಟಿಗೆಯ ಒಳಕ್ಕೆ, ಫ್ಯಾನಿನ ಬಾಣ ಹೊರಕ್ಕೆ. 12 ವೋಲ್ಟಿನಲ್ಲಿ ಎಲ್ಲ ಸೇರಿ ಅರ್ಧ ಆಂಪಿಯರ್‌ಗಿಂತ ತುಸು ಕಡಿಮೆ ಎಳೆಯುತ್ತವೆ.

ಸೆನ್ಸರನ್ನು ಪೆಟ್ಟಿಗೆಯ ಮೇಲೆಯೇ ಇಟ್ಟಿದ್ದೆ. ಎರಡೇ ನಿಮಿಷದಲ್ಲಿ ಅಂಕಿ 180ರಿಂದ 9ಕ್ಕೆ ಬಿತ್ತು. ಖುಷಿಯಿಂದ ಅಪ್ಪನನ್ನು ಕರೆದು ತೋರಿಸಿದೆ. "ನಾನು ಮಲಗುವುದು ಅಲ್ಲಲ್ಲವಲ್ಲ" ಎಂದರು. ಸೆನ್ಸರನ್ನು ದಿಂಬಿನ ಮೇಲೆ ತಂದಿಟ್ಟೆ: 171. ಅಲ್ಲಿಯವರೆಗೆ ನಾನು ಅಳೆದಿದ್ದು ಫ್ಯಾನಿನಿಂದ ಹೊರಬರುವ ಗಾಳಿಯನ್ನು, ಕೋಣೆಯ ಗಾಳಿಯನ್ನಲ್ಲ. ಅಂದಿನಿಂದ ಸೆನ್ಸರ್ ದಿಂಬಿನ ಪಕ್ಕದಲ್ಲೇ ಇರುತ್ತದೆ.

ಇನ್ನೊಂದು ತಪ್ಪು ತೆಳುಕಾಗದದ ಚೂರಿನಿಂದ ಗೊತ್ತಾಯಿತು. ಐದು ಫ್ಯಾನ್‌ಗಳ ಮುಂದೆ ಕಾಗದ ಹೊರಕ್ಕೆ ಹಾರಿತು, ಆರನೆಯದರ ಜಾಲರಿಗೆ ಅಂಟಿಕೊಂಡಿತು. ಅದನ್ನು ತಿರುಗುಮುರುಗಾಗಿ ಕೂರಿಸಿದ್ದೆ. ಅದರ ಮೂಲಕ ಸೋಸದ ಗಾಳಿ ನೇರವಾಗಿ ಒಳಗೆ ಬರುತ್ತಿತ್ತು. ತಿರುಗಿಸಿ ಹಾಕಿದ ಮೇಲೆ ಅಳೆದೆ: 9 ನಿಮಿಷ. ಗಂಟೆಗೆ 139 ಘನ ಮೀಟರ್.

ದಿನ 17: ಸೋರಿಕೆಯ ಹುಡುಕಾಟ

ಆರು ಫ್ಯಾನ್‌ಗಳಿಂದ ಇನ್ನೂ ಹೆಚ್ಚು ಬರಬೇಕಿತ್ತು. ರಾತ್ರಿ ದೀಪ ಆರಿಸಿ, ಒಂದು ಟಾರ್ಚನ್ನು ಪಕ್ಕದಿಂದ ಬೆಳಕು ಬೀಳುವಂತೆ ನೆಲದ ಮೇಲಿಟ್ಟು, ಊದುಬತ್ತಿಯನ್ನು ಫಿಲ್ಟರಿನ ಅಂಚಿನುದ್ದಕ್ಕೂ ನಿಧಾನವಾಗಿ ಸರಿಸುತ್ತ ಹೋದೆ. ಫಿಲ್ಟರಿನ ನಡುಭಾಗದಲ್ಲಿ ಹೊಗೆ ಅಗಲವಾಗಿ ಹರಡಿ ಮೆಲ್ಲಗೆ ಮಡಿಕೆಗಳೊಳಗೆ ಇಳಿಯುತ್ತಿತ್ತು. ಕೆಳಗಿನ ಎಡ ಮೂಲೆಗೆ ಬಂದಾಗ ಹೊಗೆಯ ಎಳೆ ತಟ್ಟನೆ ಬಾಗಿ, ದಾರದಷ್ಟು ಸಣ್ಣಗಾಗಿ, ಸ್ಪಂಜು ಮತ್ತು ರಟ್ಟಿನ ನಡುವೆ ಮಾಯವಾಯಿತು. ಒಂದು ಕ್ಷಣ ಕಳೆದು ಅದೇ ಹೊಗೆ ಮೇಲಿನ ಫ್ಯಾನಿನ ಜಾಲರಿಯಿಂದ ಹೊರಬಂದು ಟಾರ್ಚಿನ ಬೆಳಕಿನಲ್ಲಿ ಕಾಣಿಸಿತು. ಉಗುರು ತೂರದಷ್ಟು ಸಂದು. ಎಂಟು ಮೂಲೆಗಳಲ್ಲಿ ಐದು ಹೀಗೆಯೇ ಇದ್ದವು.

ಪೆಟ್ಟಿಗೆಯೊಳಗಿನ ಒತ್ತಡ ಹೊರಗಿನದಕ್ಕಿಂತ ಕಡಿಮೆ ಇರುವುದರಿಂದ ಸಂದು ಎಲ್ಲಿದ್ದರೂ ಗಾಳಿ ಅಲ್ಲಿಂದಲೇ ನುಗ್ಗುತ್ತದೆ, ಫಿಲ್ಟರಿನ ದಾರಿ ಅದಕ್ಕೆ ಕಷ್ಟದ ದಾರಿ. 5.5 ಮಿ.ಮೀ. ಅಂಚಿನ ಮೇಲೆ ಸ್ಪಂಜು ನೆಟ್ಟಗೆ ಕೂರದೆ ಒಳಕ್ಕೆ ಮಗುಚಿಕೊಂಡಿತ್ತು.

ದಿನ 20: ಬಿಚ್ಚಿ, ಕೊಯ್ದು, ಮತ್ತೆ ಕಟ್ಟಿದ್ದು

ಪ್ರತಿ ಹಲಗೆಯಲ್ಲೂ 13 ಮಿ.ಮೀ. ಕಡಿಮೆ ಮಾಡಬೇಕು. ಒಂದೇ ತುದಿಯಲ್ಲಿ ಕೊಯ್ದರೆ ರಂಧ್ರಗಳು ಒಂದು ಪಕ್ಕಕ್ಕೆ ಸರಿದಂತಾಗುತ್ತವೆ, ಆದ್ದರಿಂದ ಎರಡು ತುದಿಗಳಿಂದ ತಲಾ 6.5 ಮಿ.ಮೀ. ತೆಗೆದೆ. ನಾನು ಹೆದರಿದ್ದ ಕೆಲಸ ಒಂದೂವರೆ ಗಂಟೆಯಲ್ಲಿ ಮುಗಿಯಿತು. 12ನೇ ದಿನವೇ ಮಾಡಿದ್ದರೆ ಎಂಟು ದಿನ ಉಳಿಯುತ್ತಿತ್ತು.

ಈಗ ಹಲಗೆಯ 12 ಮಿ.ಮೀ. ಅಂಚಿನ ಪೂರ್ತಿ ಅಗಲಕ್ಕೂ ಫಿಲ್ಟರ್ ಕೂರುತ್ತದೆ. ಮೂಲೆಯಲ್ಲಿ ಸ್ಪಂಜಿನ ಪಟ್ಟಿಗಳನ್ನು ತುದಿಗೆ ತುದಿ ತಾಗಿಸದೆ ಒಂದರ ಮೇಲೊಂದು 10 ಮಿ.ಮೀ. ಏರಿಸಿ ಒತ್ತಿದೆ. ಎರಡೂ ಫಿಲ್ಟರ್‌ಗಳನ್ನು ಸುತ್ತಿ ಹಿಡಿಯಲು ಬಕಲ್ ಇರುವ ಎರಡು ಬೆಲ್ಟು. ಹಲಗೆಗಳ ಒಳಕೂಡುಗಳಿಗೂ ಫ್ಯಾನಿನ ಸುತ್ತಿಗೂ ಅಲ್ಯೂಮಿನಿಯಂ ಅಂಟುಪಟ್ಟಿ.

ಅಳತೆ: 6 ನಿಮಿಷ. ಗಂಟೆಗೆ 221 ಘನ ಮೀಟರ್. ಅದೇ ಫ್ಯಾನ್, ಅದೇ ಫಿಲ್ಟರ್. ಸಂದು ಮುಚ್ಚಿದ್ದಷ್ಟೇ ವ್ಯತ್ಯಾಸ. ಫ್ಯಾನ್ ಹೆಚ್ಚಿಸಬೇಕೆಂದು ಯೋಚಿಸುತ್ತಿರುವವರು ದಯವಿಟ್ಟು ಮೊದಲು ಊದುಬತ್ತಿ ಹಿಡಿದು ಮೂಲೆಗಳನ್ನು ನೋಡಿ.

ದಿನ 21ರಿಂದ 25: ಅಂಟಿನ ವಾಸನೆ

ಇದು ನನಗೆ ಅತ್ಯಂತ ಬೇಸರ ತಂದ ತಪ್ಪು. ಸ್ಪಂಜಿಗೆ ಅದರದೇ ಅಂಟು ಇತ್ತು. ಭದ್ರವಾಗಲಿ ಎಂದು ನಾನು ಚಪ್ಪಲಿ, ರಬ್ಬರಿಗೆ ಹಚ್ಚುವ ಹಳದಿ ಅಂಟನ್ನೂ ಬಳಿದಿದ್ದೆ. ರಾತ್ರಿ ಸೆನ್ಸರಿನಲ್ಲಿ 6 ಇತ್ತು, ನಾನು ನಿಶ್ಚಿಂತೆಯಿಂದ ಮಲಗಿದೆ. ಬೆಳಿಗ್ಗೆ ಅಪ್ಪನ ಕಣ್ಣು ಕೆಂಪಗಿತ್ತು. "ತಲೆ ಭಾರವಾಗಿದೆ, ಏನೋ ಘಾಟು" ಎಂದರು.

ಕಣ ಎಣಿಸುವ ಸೆನ್ಸರಿಗೆ ಆವಿ ಕಾಣುವುದಿಲ್ಲ. ಕಣ ಹಿಡಿಯುವ ಫಿಲ್ಟರಿಗೆ ಆವಿ ಸಿಗುವುದೂ ಇಲ್ಲ. ಅಂಟಿನ ದ್ರಾವಕ ಆರುತ್ತಿದ್ದ ಪೆಟ್ಟಿಗೆಯ ಮೂಲಕ ಇಡೀ ಕೋಣೆಯ ಗಾಳಿಯನ್ನು ಗಂಟೆಗೆ ಆರು ಸಲ ನಾನೇ ಹಾಯಿಸುತ್ತಿದ್ದೆ. ಅಪ್ಪನ ಆರೋಗ್ಯಕ್ಕೆಂದು ಮಾಡಿದ ವಸ್ತುವೇ ಅವರಿಗೆ ಒಂದು ರಾತ್ರಿ ತೊಂದರೆ ಕೊಟ್ಟಿತು. ಪೆಟ್ಟಿಗೆಯನ್ನು ಆಗಲೇ ಹೊರಗೆ ಹಾಕಿ, ಸ್ಪಂಜು ಕಿತ್ತು, ಅಂಟು ಕೆರೆದು, ನಾಲ್ಕು ದಿನ ಬಿಸಿಲು ಗಾಳಿಗೆ ಬಿಟ್ಟೆ. ಹೊಸ ಸ್ಪಂಜನ್ನು ಅದರದೇ ಅಂಟಿನಲ್ಲಿ ಕೂರಿಸಿದೆ, ಅದೇ ಸಾಕಾಗಿತ್ತು. ಬಣ್ಣ, ವಾರ್ನಿಷ್ ಹಚ್ಚುವ ಯೋಚನೆಯನ್ನೂ ಬಿಟ್ಟೆ. ವಾಸನೆ, ಆವಿ ತಡೆಯಲು ಇದ್ದಿಲಿನ ಫಿಲ್ಟರ್ ಬೇರೆಯೇ ಬೇಕು, ಅದೂ ಕೈಯಲ್ಲಿ ಹಿಡಿದರೆ ತೂಕ ಗೊತ್ತಾಗುವಷ್ಟು ಇದ್ದಿಲು ಇರಬೇಕು. ಕಪ್ಪು ಬಣ್ಣದ ತೆಳು ಜಾಲರಿಯಿಂದ ಹೆಚ್ಚೇನೂ ಆಗುವುದಿಲ್ಲ.

ದಿನ 30: ರಾತ್ರಿಯ ವೇಗ

ಅಪ್ಪನನ್ನು ಮಂಚದ ಮೇಲೆ ಕೂರಿಸಿ, ಅಡಾಪ್ಟರಿನ ಗುಂಡಿಯನ್ನು 12 ವೋಲ್ಟಿನಿಂದ ಒಂದೊಂದೇ ಮೆಟ್ಟಿಲು ಇಳಿಸುತ್ತ ಬಂದೆ. 12ಕ್ಕೆ ತಲೆ ಅಲ್ಲಾಡಿಸಿದರು. 9ಕ್ಕೆ "ಪರವಾಗಿಲ್ಲ" ಎಂದರು. 'ಪರವಾಗಿಲ್ಲ' ಎಂದದ್ದನ್ನು ನಡುರಾತ್ರಿ ಆರಿಸುತ್ತಾರೆಂದು ನನಗೆ ಗೊತ್ತು. 7.5ಕ್ಕೆ "ಓಡುತ್ತಿದೆಯಾ?" ಎಂದು ಕೇಳಿದರು. ಅಲ್ಲಿಗೇ ನಿಲ್ಲಿಸಿದೆ. 6 ವೋಲ್ಟಿನಲ್ಲಿ ಒಂದು ಫ್ಯಾನ್ ತಾನಾಗಿ ಶುರುವಾಗಲೇ ಇಲ್ಲ, ಅದಕ್ಕಿಂತ ಕೆಳಗೆ ಹೋಗುವ ಹಾಗೂ ಇಲ್ಲ.

7.5 ವೋಲ್ಟಿನಲ್ಲಿ ಅಳತೆ: 9.5 ನಿಮಿಷ, ಗಂಟೆಗೆ 130 ಘನ ಮೀಟರ್. ಕೋಣೆಯ ಗಾಳಿ ಗಂಟೆಗೆ ಮೂರೂವರೆ ಸಲಕ್ಕಿಂತ ಹೆಚ್ಚು ಶುದ್ಧವಾಗುತ್ತದೆ. ನನ್ನ ಮಟ್ಟಿಗೆ ಈ ಪೆಟ್ಟಿಗೆಯ ನಿಜವಾದ ಸಂಖ್ಯೆ ಇದು, 221 ಅಲ್ಲ. ಸಂಜೆ ಕೋಣೆಯಲ್ಲಿ ಯಾರೂ ಇಲ್ಲದಾಗ ಒಂದು ಗಂಟೆ 12ರಲ್ಲಿ ಓಡಿಸಿ, ಮಲಗುವಾಗ 7.5ಕ್ಕೆ ಇಳಿಸುತ್ತೇನೆ. ಆ ವಾರದ ರಾತ್ರಿಗಳ ಸರಾಸರಿ 11.

ದಿನ 41: ಬಾಗಿಲು ಮುಚ್ಚಿದ್ದರ ಪರಿಣಾಮ

ಕಣ ಒಳಬಾರದಿರಲೆಂದು ಕಿಟಕಿಯನ್ನು ಬಿಗಿಯಾಗಿ ಮುಚ್ಚುತ್ತಿದ್ದೆವು. ಗೆಳೆಯನೊಬ್ಬನ ಇಂಗಾಲದ ಡೈಆಕ್ಸೈಡ್ ಮಾಪಕವನ್ನು ಎರವಲು ತಂದು ಇಟ್ಟರೆ ಬೆಳಿಗ್ಗೆ 1,450 ಪಿಪಿಎಂ, ಅಂದರೆ ಹತ್ತು ಲಕ್ಷ ಪಾಲು ಗಾಳಿಯಲ್ಲಿ ಅಷ್ಟು ಪಾಲು. ಹೊರಗಿನ ಗಾಳಿಯಲ್ಲಿ ಅದು 420ರ ಆಸುಪಾಸು. ಉಸಿರಿನಿಂದ ಹೊರಬಂದದ್ದನ್ನು ಫಿಲ್ಟರ್ ತೆಗೆಯುವುದಿಲ್ಲ, ಹೊಸ ಗಾಳಿಯೇ ಬರಬೇಕು.

ಕಿಟಕಿಯನ್ನು ಎರಡು ಬೆರಳಗಲ ತೆರೆದಿಟ್ಟು ಮೂರು ರಾತ್ರಿ ನೋಡಿದೆ. ಡೈಆಕ್ಸೈಡ್ 860ಕ್ಕೆ ಇಳಿಯಿತು, ಪಿಎಂ 2.5ರ ಅಂಕಿ 11ರಿಂದ 14ಕ್ಕೆ ಏರಿತು. ಈ ಕೊಡುಕೊಳ್ಳುವಿಕೆ ನನಗೆ ಒಪ್ಪಿಗೆ. ಹೊರಗೆ ಹೊಗೆ ಕವಿದ ರಾತ್ರಿ ಮಾತ್ರ ಪೂರ್ತಿ ಮುಚ್ಚುತ್ತೇವೆ.

ಇದೇ ದಿನಗಳಲ್ಲಿ ಅಂಕಿಗಳ ಪಟ್ಟಿಯಲ್ಲಿ ಎರಡು ಏರುಗಳು ಪ್ರತಿದಿನ ಕಂಡವು. ಬೆಳಿಗ್ಗೆ ಆರೂಮುಕ್ಕಾಲಕ್ಕೆ ಒಂದು: ಹೊದಿಕೆಯನ್ನು ಕೋಣೆಯಲ್ಲೇ ಕೊಡವುವ ಹೊತ್ತು. ರಾತ್ರಿ ಎಂಟಕ್ಕೆ ಇನ್ನೊಂದು: ಅಡುಗೆಮನೆಯ ಹೊಗೆ ಬಾಗಿಲ ಕೆಳಗಿಂದ ಬರುವ ಹೊತ್ತು. ಹೊದಿಕೆಯನ್ನು ಹೊರಗೆ ಕೊಡವಲು ಶುರುಮಾಡಿದೆವು, ಅಡುಗೆಯ ಹೊತ್ತಿನಲ್ಲಿ ಅಲ್ಲಿನ ಎಕ್ಸಾಸ್ಟ್ ಫ್ಯಾನ್ ಹಾಕಿ ಕೋಣೆಯ ಬಾಗಿಲ ಕೆಳಗೆ ರಬ್ಬರ್ ಪಟ್ಟಿ ಕೂರಿಸಿದೆ. ರಾತ್ರಿ ಎಂಟರ ಏರು 140ರಿಂದ 40ಕ್ಕೆ ಇಳಿಯಿತು. ಅರ್ಧ ಗಂಟೆಯ ಈ ಕೆಲಸವನ್ನು ನಾನು ಮೊದಲ ದಿನವೇ ಮಾಡಬಹುದಿತ್ತು.

ದಿನ 96: ಈಗಿನ ಸ್ಥಿತಿ

ಫಿಲ್ಟರಿನ ಹೊರಮುಖ ಬೂದು ಬಣ್ಣಕ್ಕೆ ತಿರುಗಿದೆ, ಒಳಮುಖ ಬೆಳ್ಳಗೇ ಇದೆ. ಬಣ್ಣ ನೋಡಿ ಬದಲಿಸುವುದಿಲ್ಲ, ಏಕೆಂದರೆ ಬೂದು ಬಣ್ಣ ಕೆಲಸ ನಡೆಯುತ್ತಿದೆ ಎಂಬುದನ್ನಷ್ಟೇ ತೋರಿಸುತ್ತದೆ. ಎಳೆಗಳ ಆವೇಶ ಕಡಿಮೆಯಾಗುವುದು ಕಣ್ಣಿಗೆ ಕಾಣುವಂಥದ್ದಲ್ಲ. ತಿಂಗಳಿಗೊಮ್ಮೆ ಹೊಗೆಯ ಪರೀಕ್ಷೆ ಮಾಡುತ್ತೇನೆ. ಇಂದು 7.5 ವೋಲ್ಟಿನಲ್ಲಿ 11 ನಿಮಿಷ, ಗಂಟೆಗೆ 109 ಘನ ಮೀಟರ್. 13 ನಿಮಿಷ ದಾಟಿದ ದಿನ ಬದಲಿಸುವುದೆಂದು ಹಲಗೆಯ ಮೇಲೆ ಪೆನ್ಸಿಲಿನಲ್ಲಿ ಬರೆದಿದ್ದೇನೆ. ಹೊಸ ಜೋಡಿ ಮಂಚದ ಕೆಳಗೆ ಪ್ಲಾಸ್ಟಿಕ್ ಬಿಚ್ಚದೆ ಇದೆ. ಹಳೆಯದನ್ನು ಮುಖಗವಸು ಹಾಕಿಕೊಂಡು ಮನೆಯ ಹೊರಗೆ ತೆಗೆದು, ಕೊಡವದೆ ಚೀಲದಲ್ಲಿ ಕಟ್ಟಬೇಕು.

ಅಪ್ಪನ ಔಷಧಿ ವೈದ್ಯರು ಹೇಳಿದಂತೆಯೇ ಮುಂದುವರಿದಿದೆ, ಪೆಟ್ಟಿಗೆ ಅದರ ಜಾಗಕ್ಕೆ ಬಂದದ್ದಲ್ಲ. ರಾತ್ರಿ ಕೆಮ್ಮಿಗೆ ಏಳುವುದು ಕಡಿಮೆಯಾಗಿದೆ ಎನ್ನುತ್ತಾರೆ. ಈ 66 ರಾತ್ರಿಗಳಲ್ಲಿ ಅವರು ಅದನ್ನು ಎದ್ದು ಆರಿಸಿದ್ದು ಎರಡೇ ಸಲ, ಎರಡೂ ಸಲ ಪಕ್ಕದ ಹಲಗೆಯ ನಡುವಿನ ಫ್ಯಾನ್ ಕಿರುಗುಟ್ಟಿದ್ದರಿಂದ. ಅದರ ಸ್ಕ್ರೂಗಳ ಕೆಳಗೆ ರಬ್ಬರ್ ವಾಷರ್ ಹಾಕುವುದು ಈ ವಾರದ ಕೆಲಸ.